ಮೇಲಿನ ಮಹಡಿಗೆ ನಾಲ್ಕು ಹನಿ ಹಾಲು

"ಧನಲಕ್ಷ್ಮಿ ಕಡೆಯವರು ಯಾರ್ರೀ ಇರೋದು?"

ಐಸಿಯು ಬಾಗಿಲಿಂದ ನರ್ಸ್ ನಾಗಲಕ್ಷ್ಮಿ ಕೂಗಿದಾಗ ಧನಲಕ್ಷ್ಮಿಯ ಗಂಡ ಮನೋಹರ ಎದ್ದು ನಿಂತ. ಅವನ ಅವ್ವ ಹೊನ್ನಕ್ಕನೇ ಸೆರಗು ಸರಿಮಾಡಿಕೊಂಡು ಮುಂದೆ ಹೋಗಿ, "ನಾವೇ ಕಣವ್ವ. ಏನಾಯ್ತು?" ಎಂದಳು.

"ಕಣ್ಣು ಬಿಟ್ಟಿದ್ದಾಳೆ. ಮಾತಾಡ್ತಿದ್ದಾಳೆ." ನಾಗಲಕ್ಷ್ಮಿಯ ಮುಖದ ತುಂಬ ನಗು. "ಮೊದಲು ಕೇಳಿದ್ದೇ ಮಗು ಎಲ್ಲಿ ಅಂತ."

ಮನೋಹರ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತುಬಿಟ್ಟ. ಹಿಂದಿನ ದಿನದಿಂದ ಕಟ್ಟಿಹಿಡಿದಿದ್ದ ಅಳು ಈಗ ಬಂತು.

ಹಿಂದಿನ ದಿನ ಬೆಳಿಗ್ಗೆ ಹಳ್ಳಿಮೈಸೂರಿನ ಹತ್ತಿರದ ತಮ್ಮ ಊರಿನಲ್ಲಿ ಧನಲಕ್ಷ್ಮಿ ರಾಗಿರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ತಲೆ ಸಿಡೀತದೆ ಕಣ್ರೀ, ಕಣ್ಣೆಲ್ಲ ಮಂಜು ಮಂಜು" ಎಂದಿದ್ದಳು. ಹೊಟ್ಟೆಯಲ್ಲಿದ್ದ ಮಗುವಿಗೆ ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಹಾಲಿನ ವ್ಯಾನ್ ಓಡಿಸುವ ಮನೋಹರ ಆಗಷ್ಟೇ ಕೆಲಸ ಮುಗಿಸಿ ಬಂದಿದ್ದ. ಅದೇ ವ್ಯಾನಿನಲ್ಲಿ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ. ಬಾಗಿಲಲ್ಲಿ ಇಳಿಸುವಷ್ಟರಲ್ಲಿ ಅವಳ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಬಿ.ಪಿ. ವಿಪರೀತ ಏರಿತ್ತು. ಅಲ್ಲಿನ ನರ್ಸ್ ಅವಳನ್ನು ಮಗ್ಗುಲಿಗೆ ತಿರುಗಿಸಿ, ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್ ಕರೆಸಿ, ಹಾಸನದ ಈ ದೊಡ್ಡಾಸ್ಪತ್ರೆಯವರೆಗೂ ತಾನೇ ಜೊತೆಗೆ ಬಂದಿದ್ದಳು. ಇಲ್ಲಿಗೆ ಬಂದದ್ದೇ ಆಪರೇಷನ್. ಹೆಣ್ಣು ಮಗು. ಬೊಗಸೆಯಲ್ಲಿ ಹಿಡಿಸುವಷ್ಟು ಎಂದು ಹೊನ್ನಕ್ಕ ಹೇಳಿದಳು. ಮಗುವನ್ನು ಮೇಲಿನ ಮಹಡಿಯ ಶಿಶು ಘಟಕಕ್ಕೆ ಒಯ್ದರು, ತಾಯಿಯನ್ನು ಕೆಳಗೆ ಐಸಿಯುನಲ್ಲಿ ಇಟ್ಟರು. ಮನೋಹರ ಮೇಲಕ್ಕೆ ಹೋಗಲೇ ಇಲ್ಲ. ಹೋಗಿ ನೋಡಿ, ಅದರ ಮುಖ ಮನಸ್ಸಿಗೆ ಹತ್ತಿ, ಆಮೇಲೆ ಏನಾದರೂ ಆದರೆ ಎಂದು ಅವನಿಗೆ ಭಯ.

"ಅಳೋದು ಆಮೇಲೆ," ಎಂದಳು ನಾಗಲಕ್ಷ್ಮಿ. "ಮೇಲಿಂದ ಸುದರ್ಶನ್ ಡಾಕ್ಟರು ಕೇಳ್ತಿದ್ದಾರೆ, ಮಗುವಿಗೆ ತಾಯಿ ಹಾಲು ಬೇಕಂತೆ. ಒಂದೆರಡು ಹನಿ ಆದ್ರೂ ಸರಿ."

ಹೊನ್ನಕ್ಕನಿಗೆ ರೇಗಿತು. "ಏನವ್ವಾ ನೀನು! ಸತ್ತು ಬದುಕವ್ಳೆ ಅವ್ಳು, ಆಲೆಲ್ಲಿಂದ ಬತ್ತದೆ? ಬಂದ್ರೂ ಮೊದ್ಲಾಲು ಅಳ್ದಿಯಾಗಿರ್ತದೆ. ನಮ್ ಕಡೆ ಇಂಡಿ ಚೆಲ್ತಿದ್ರು."

"ಮನೇಲಿ ಹಸು ಇದಾವಾ ಅವ್ವ?"

"ಎಲ್ಡವೆ."

"ಕರು ಹಾಕಿದಾಗ ಗಿಣ್ಣು ಹಾಲು ಚೆಲ್ತೀರಾ?"

"ಅಯ್ಯೋ, ಚೆಲ್ಲಾದುಂಟಾ! ಮೊದ್ಲು ಕರೀನ್ ಬಾಯ್ಗೆ..." ಹೊನ್ನಕ್ಕ ಮಾತು ನಿಲ್ಲಿಸಿ ಮಗನ ಕಡೆ ತಿರುಗಿದಳು. "ಅಲ್ಲ ಕಣ್ಲಾ, ಕರೀಗೆ ಕುಡುಸ್ತೀವಿ, ನಮ್ ಮಕ್ಕಳ್ದು ಚೆಲ್ತೀವಲ್ಲ! ಯಾವಳು ಏಳ್ಕೊಟ್ಳೋ ಇದ್ನ! ನಡಿ ತಾಯಿ, ನಾನೂ ಬತ್ತೀನಿ."

ಕೈ ತೊಳೆಸಿ, ಗೌನು ತೊಡಿಸಿ ನಾಗಲಕ್ಷ್ಮಿ ಇಬ್ಬರನ್ನೂ ಒಳಗೆ ಬಿಟ್ಟಳು. ಧನಲಕ್ಷ್ಮಿಯ ಮುಖ ಊದಿಕೊಂಡಿತ್ತು, ತುಟಿ ಒಡೆದಿತ್ತು. ಗಂಡನನ್ನು ನೋಡಿ ಬೆರಳು ಆಡಿಸಿದಳು. ನಾಗಲಕ್ಷ್ಮಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅವಳ ಎದೆಯ ಮೇಲಿಟ್ಟು, ಮೆಲ್ಲಗೆ ನೀವಿ, ಒತ್ತುವುದು ಹೇಗೆಂದು ತೋರಿಸಿದಳು. ಹೊನ್ನಕ್ಕ ತಡೆಯಲಾರದೆ ಕೈ ಹಾಕಿದಳು.

"ಅವ್ವಾ, ಎಳೀಬೇಡಿ! ಹಸು ಅಲ್ಲ!"

ಧನಲಕ್ಷ್ಮಿ ನಗಲು ಹೋಗಿ, ಹೊಟ್ಟೆಯ ಹೊಲಿಗೆ ನೊಂದು, "ನಗುಸ್ಬೇಡಿ ಅತ್ತೆ" ಎಂದು ನರಳಿದಳು. ಆದರೆ ಹಾಲು ಮಾತ್ರ ಬರಲಿಲ್ಲ. ಎಷ್ಟು ಹೊತ್ತಾದರೂ ಬರಲಿಲ್ಲ. ಅವಳ ಕಣ್ಣ ತುದಿಯಿಂದ ನೀರಿಳಿಯಿತು.

"ಮಗು ಎಂಗೈತೆ ಅಂತ್ಲೇ ಗೊತ್ತಿಲ್ಲ ಸಿಸ್ಟರ್, ಎಲ್ಲಿಂದ ಬಂದಾತು?" ಎಂದು ಗಂಡನ ಕಡೆ ತಿರುಗಿದಳು. "ನೀವ್ ನೋಡಿದ್ರಲ್ಲ, ಯಾರಂಗೈತ್ರೀ?"

ಮನೋಹರ ನೆಲ ನೋಡಿದ.

"ನೋಡೇ ಇಲ್ವಾ?"

"ನೀನು ಇಂಗ್ ಮಲ್ಗಿರುವಾಗ ಎಂಗೆ..."

"ಓಗ್ರೀ!" ದನಿ ಇಲ್ಲದ ಆ ಗಂಟಲಿಂದ ಎಲ್ಲಿಂದ ಬಂತೋ ಅಷ್ಟು ಜೋರು! "ಈಗ್ಲೇ ಓಗಿ! ಅಲ್ಲಿ ಒಂದೇ ಮಲ್ಗೈತಲ್ರೀ ಅದು!"

"ಮೊಬೈಲ್‌ನಲ್ಲಿ ವಿಡಿಯೊ ಮಾಡ್ಕೊಂಡು ಬನ್ನಿ," ಎಂದಳು ನಾಗಲಕ್ಷ್ಮಿ. "ನಾನು ಮೇಲಕ್ಕೆ ಫೋನ್ ಮಾಡಿ ಹೇಳಿರ್ತೀನಿ."

ಮೇಲೆ ಗಾಜಿನ ಪೆಟ್ಟಿಗೆಯ ಮುಂದೆ ಮನೋಹರ ಕೈ ಹಿಂದೆ ಕಟ್ಟಿಕೊಂಡು ನಿಂತ. ಹಳದಿ ಟೋಪಿ, ಮೂಗಿನಲ್ಲೊಂದು ಸಣ್ಣ ನಳಿಗೆ, ಕಾಗದದಷ್ಟು ತೆಳುವಾದ ಕಿವಿ. ಪಕ್ಕೆಲುಬು ಏರಿಳಿಯುತ್ತಿದ್ದವು. ಅಲ್ಲಿನ ನರ್ಸ್, "ಕೈ ತೊಳ್ದಿದ್ದೀರಲ್ಲ, ಬೆರಳು ಕೊಡಿ" ಎಂದಳು. ಅವನು ಹೆದರಿ ಹೆದರಿ ಕಿರುಬೆರಳನ್ನು ಒಳಗಿಟ್ಟ. ಮಗು ಅದನ್ನು ಮುಷ್ಟಿಯಲ್ಲಿ ಹಿಡಿಯಿತು.

"ಅಯ್ಯೋ, ಇಡ್ಕಂತು! ಸಿಸ್ಟರ್, ಇಡ್ಕಂತು!"

"ಮೆಲ್ಲಗೆ ರೀ, ಬೇರೆ ಮಕ್ಕಳು ಮಲಗಿದ್ದಾವೆ!"

ಆ ಗಲಾಟೆಗೆ ಮಗು ಬೆಕ್ಕಿನ ಮರಿಯ ಹಾಗೆ ಅತ್ತಿತು. ಬೆರಳು ಬಿಡಿಸಿಕೊಳ್ಳಲು ಮನಸ್ಸಿಲ್ಲದೆ ಅವನು ಎಡಗೈಯಲ್ಲೇ ವಿಡಿಯೊ ತೆಗೆದ. ಅರ್ಧ ವಿಡಿಯೊದಲ್ಲಿ ಬರೀ ಚಾವಣಿ, ಟ್ಯೂಬ್‌ಲೈಟು. ಆದರೂ ಅಳು ಚೆನ್ನಾಗಿ ಕೇಳುತ್ತಿತ್ತು.

ಧನಲಕ್ಷ್ಮಿ ಅದನ್ನು ನೋಡಿದಳು. "ಇನ್ನೊಂದ್ ಸಲ ಆಕಿ," ಎಂದಳು. ಮತ್ತೆ ನೋಡಿದಳು. ಹೊನ್ನಕ್ಕ, "ಅಣೆ ನೋಡು, ನಿನ್ದೇ" ಎಂದಳು. ಮಗುವಿನ ಅಳು ಮೂರನೆಯ ಸಲ ಕೇಳಿದಾಗ ಧನಲಕ್ಷ್ಮಿ ತಟ್ಟನೆ, "ಸಿಸ್ಟರ್... ಎದೆ ಜುಮ್ಮಂತದೆ" ಎಂದಳು.

ನಾಗಲಕ್ಷ್ಮಿ ಬಾಗಿ ಒತ್ತಿದಳು. ಜೇನಿನ ಬಣ್ಣದ ಒಂದು ಹನಿ ಉಬ್ಬಿ ನಿಂತಿತು.

"ಬಂತು! ಬಂತು ಧನಲಕ್ಷ್ಮಿ!" ಸದ್ದು ಮಾಡಬೇಡಿ ಎಂದು ಎಲ್ಲರಿಗೂ ಹೇಳುವ ನಾಗಲಕ್ಷ್ಮಿಯೇ ಕೂಗಿದ್ದಳು. ಪಕ್ಕದ ಹಾಸಿಗೆಯ ಹತ್ತಿರವಿದ್ದ ನರ್ಸ್ ಕೂಡ ಓಡಿಬಂದಳು. ಇನ್ನೊಂದು ಹನಿ, ಮತ್ತೊಂದು. ಒಂದನ್ನೂ ಬಿಡದೆ ಸೂಜಿ ಇಲ್ಲದ ಪುಟ್ಟ ಸಿರಿಂಜಿನಲ್ಲಿ ಎಳೆದುಕೊಂಡು, ಮುಚ್ಚಳ ಹಾಕಿ ಮನೋಹರನ ಕೈಗಿಟ್ಟಳು. "ನಾಲ್ಕು ಹನಿ ಇದೆ. ಹೋಗಿ, ಬೇಗ!"

ಲಿಫ್ಟಿನ ಮುಂದೆ ಜನವೋ ಜನ. ಮನೋಹರ ಮೆಟ್ಟಿಲ ಕಡೆ ತಿರುಗಿದ. ದಿನ ಬೆಳಗಾದರೆ ಕ್ಯಾನುಗಟ್ಟಲೆ ಹಾಲು ಎತ್ತಿ ಇಳಿಸುವವನು ಈ ನಾಲ್ಕು ಹನಿಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿದ. ತಿರುವಿನಲ್ಲಿ ಕಾವಲಿನ ಚಿಕ್ಕಯ್ಯ ಅಡ್ಡ ನಿಂತ.

"ಏಯ್, ಎಲ್ಲಿಗ್ ನುಗ್ತೀಯಾ? ಕೈಲೇನು?"

"ಆಲು ಕಣಣ್ಣ! ನನ್ ಮಗೀಗೆ ಆಲು! ಅವಳ್ದೇ, ಈಗ್ ಬಂತು!"

ಚಿಕ್ಕಯ್ಯ ಸಿರಿಂಜನ್ನು ನೋಡಿದ, ಅವನ ಮುಖವನ್ನು ನೋಡಿದ. ಆಮೇಲೆ ತಾನೇ ಮುಂದೆ ಮುಂದೆ ಹತ್ತುತ್ತಾ, "ದಾರಿ ಬಿಡ್ರಪ್ಪೋ! ಆಲ್ ಬತ್ತಾ ಐತೆ, ದಾರಿ!" ಎಂದು ಕೂಗಿದ. ಬುತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಏನು ಎತ್ತ ತಿಳಿಯದೆ ಗೋಡೆಗೆ ಅಂಟಿ ನಿಂತರು.

"ಏನಾದ್ರೂ ಕಮ್ಮಿಯಾಯ್ತಾ ಸಾ?" ಎಂದು ಏದುಸಿರು ಬಿಡುತ್ತಾ ಕೇಳಿದ ಮನೋಹರನಿಗೆ ಸುದರ್ಶನ್ ಡಾಕ್ಟರು, "ಇವತ್ತಿಗೆ ಇದೇ ಹಬ್ಬದೂಟ ಕಣಯ್ಯ" ಎಂದರು. ನರ್ಸ್ ಆ ಹನಿಗಳನ್ನು ಮಗುವಿನ ಕೆನ್ನೆಯ ಒಳಬದಿಗೆ ಸವರಿದಳು. ಮಗು ಅಳು ನಿಲ್ಲಿಸಿತು. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ತುಟಿ ಚಪ್ಪರಿಸಿತು.

ಅದನ್ನು ಹೇಳಲು ಮನೋಹರ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ.

ಆಮೇಲೆ ಅದೇ ಅವನ ಕೆಲಸವಾಯಿತು. ಹನಿಗಳು ಚಮಚದಷ್ಟಾದವು, ಚಮಚ ಪುಟ್ಟ ಬಟ್ಟಲಾಯಿತು. ಧನಲಕ್ಷ್ಮಿಯ ಬಿ.ಪಿ. ಇಳಿದು ಅವಳನ್ನು ವಾರ್ಡಿಗೆ ಹಾಕಿದರು. ನಡುವೆ ಒಂದು ದಿನ ಮಗುವಿನ ಹೊಟ್ಟೆ ಉಬ್ಬಿ, ಹಾಲು ನಿಲ್ಲಿಸಿ ಎಂದರು ಡಾಕ್ಟರು. ಅವತ್ತು ಧನಲಕ್ಷ್ಮಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾಗಲಕ್ಷ್ಮಿ ವಾರ್ಡಿಗೆ ಬಂದು ಅವಳನ್ನು ಎಬ್ಬಿಸಿ ಕೂರಿಸಿದಳು. "ನೀನು ನಿಲ್ಲಿಸಬೇಡ. ತೆಗೀತಾ ಇರು, ಫ್ರಿಜ್‌ನಲ್ಲಿ ಇಡ್ತೀವಿ. ನಾಳೆ ಕೇಳ್ತಾರೆ ನೋಡು." ಮಾರನೆಯ ಬೆಳಿಗ್ಗೆ ಹೊಟ್ಟೆ ಇಳಿದು, ಮೇಲಿಂದ ಮತ್ತೆ ಕೇಳಿದರು.

ಧನಲಕ್ಷ್ಮಿಯನ್ನು ಗಾಲಿಕುರ್ಚಿಯಲ್ಲಿ ಮೇಲಕ್ಕೆ ಒಯ್ದು ಮಗುವನ್ನು ಅವಳ ಬರಿಯ ಎದೆಗೆ ಕಟ್ಟತೊಡಗಿದರು. ಹಾಗೆ ದಿನಾ ಬೆಚ್ಚಗೆ ಮಲಗಿ ಮಲಗಿ, ಒಂದು ಮಧ್ಯಾಹ್ನ ಮಗು ತಾನಾಗಿಯೇ ತಲೆ ಆಡಿಸಿ ಹುಡುಕತೊಡಗಿತು. ಕೆಲಸ ಮುಗಿಸಿ ಮನೆಗೆ ಹೊರಟಿದ್ದ ನಾಗಲಕ್ಷ್ಮಿ ಬ್ಯಾಗು ಕೆಳಗಿಟ್ಟು ಅದರ ಕತ್ತಿಗೆ ಕೈ ಆಸರೆ ಕೊಟ್ಟಳು. ಮಗು ಒಮ್ಮೆ ತಪ್ಪಿತು, ಇನ್ನೊಮ್ಮೆ ಜಾರಿತು. ಆಮೇಲೆ ಬಾಯಿ ಅಗಲಿಸಿ ಕಚ್ಚಿಕೊಂಡಿತು.

"ಎಳೀತಾ ಅವ್ಳೆ," ಎಂದಳು ಧನಲಕ್ಷ್ಮಿ. "ರೀ, ಎಳೀತಾ ಅವ್ಳೆ! ಎಷ್ಟು ಜೋರಾಗಿ!"

ಗಾಜಿನಾಚೆ ಹೊನ್ನಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಣಿದಂತೆ ಮಾಡಿದಳು. ಮನೋಹರ ಹೊರಗೆ ಬಂದು, ಊರಿನಲ್ಲಿ ಮನೆ, ದನ ನೋಡಿಕೊಂಡಿದ್ದ ಅಪ್ಪ ಗುಂಡಯ್ಯನಿಗೆ ಫೋನ್ ಮಾಡಿದ.

"ಅಪ್ಪೋ, ಕುಡೀತು ಕಣಪ್ಪ!"

"ಯಾರ್ಲಾ ಕುಡ್ದೋರು?" ಗುಂಡಯ್ಯನಿಗೆ ಗಾಬರಿ. "ಆಸ್ಪತ್ರೇಲಾ?"

"ನಿನ್ ಮೊಮ್ಮಗ್ಳು ಕಣಪ್ಪ! ಅವ್ರವ್ವನ್ ಎದೇಲಿ ಆಲು ಕುಡೀತಾ ಅವ್ಳೆ!"

ಗುಂಡಯ್ಯ ಫೋನ್ ಇಡುವುದನ್ನೂ ಮರೆತು, ಬೀದಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕೂಗಿ, "ನನ್ ಮೊಮ್ಮಗ್ಳು ಆಲು ಕುಡೀತಾ ಅವ್ಳಂತೆ ಕಣ್ಲಾ!" ಎನ್ನುವುದು ಮನೋಹರನಿಗೆ ಕೇಳಿಸಿತು.