ಸೋರದ ಬೆಸುಗೆ

ಮತ್ತೆ ಅದೇ ಸುಯ್ ಸದ್ದು, ಹೀಲಿಯಂ ನಳಿಕೆಯ ತುದಿ ಬೆಸುಗೆಯ ಸುತ್ತ ಹರಿದಾಡುತ್ತಿದೆ, ಚಿಕ್ಕಪ್ಪ ಮಂಡಿಯೂರಿ ಕುಳಿತಿದ್ದಾರೆ, ಸೋರಿಕೆ ಇದ್ದರೆ ಹೀಲಿಯಂ ಒಳಗೆ ನುಗ್ಗಿ ಪಕ್ಕದ ಪೆಟ್ಟಿಗೆ ಕೂಗಬೇಕು, ಬೆಳಗ್ಗೆಯಿಂದ ಒಮ್ಮೆಯೂ ಕೂಗಿಲ್ಲ, ಕೂಗುವುದೂ ಇಲ್ಲ, ಅಲ್ಲಿ ತೂತೇ ಇಲ್ಲ, ಅದು ನನಗೊಬ್ಬಳಿಗೇ ಗೊತ್ತು — ಹೇಳಿಬಿಡು, ಈಗಲೇ ಹೇಳಿಬಿಡು. ಐವತ್ತೆಂಟು ವರ್ಷದ ಮಂಡಿ, ಏಳುವಾಗ ಗೋಡೆ ಹಿಡಿಯುತ್ತಾರೆ, ಮನೆಯಲ್ಲಿ ನಾನು ಪುಟ್ಟಿ, ಇಲ್ಲಿ ಲ್ಯಾಬಿನಲ್ಲಿ ಮೇಡಂ, ಅಪ್ಪ ಹೋದಾಗ ನನಗೆ ಒಂಬತ್ತು, ಸಾಕಿದ್ದು ಇವರೇ, ಇವರ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಕಿಟಕಿಯಿಂದ ಸೂರ್ಯನನ್ನು ನೋಡುತ್ತಿದ್ದೆ, ಹಸಿರು ಸೂರ್ಯ, ಈ ಯಂತ್ರದೊಳಗಿನ ನನ್ನ ಲೇಪವೂ ಹಸಿರೇ ಇತ್ತು, ಉಗುರಿನಷ್ಟು ಅಗಲ, ಹನ್ನೊಂದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೆಳೆಸಿದ್ದು, ಅದರ ಮೇಲೆ ಲೇಸರ್ ಬಿದ್ದರೆ ಎಲೆಕ್ಟ್ರಾನುಗಳು ಗುಂಪಾಗಿ ಹೊರಗೆ ಜಿಗಿಯಬೇಕು, ಮುಂದೆ ಕಾಂತಗಳ ಸಾಲಿನಲ್ಲಿ ಹಾವಿನಂತೆ ನುಲಿಯುತ್ತಾ ಬೆಳಕು ಕೊಡಬೇಕು, ಇಂಥ ಯಂತ್ರಕ್ಕೆ ಬೇರೆಯವರಿಗೆ ಊರಗಲ ಜಾಗ ಬೇಕು, ನಾವು ಎರಡು ಕೋಣೇಲಿ ಮಾಡಿ ತೋರಿಸ್ತೀವಿ ಅಂತ ಡೈರೆಕ್ಟರು ಹೋದಲ್ಲೆಲ್ಲ ಹೇಳಿ ಬಂದಿದ್ದರು, ಆ ಎರಡು ಕೋಣೆಗೆ ಉಗುರಿನಷ್ಟು ಲೇಪವೇ ಜೀವ, ಗಾಳಿ ಸೋಕಿದರೆ ಸತ್ತಿತು. ಇಷ್ಟೆಲ್ಲ ಒದ್ದಾಡಿ ಡಬ್ಬಿ ತುಂಬ ಏನೂ ಇಲ್ಲದ್ದನ್ನ ತುಂಬಿಸ್ತೀರಲ್ಲ ಮೇಡಂ, ಹೊಸ ಪೈಪು ಬೆಸೆದ ದಿನ ಚಿಕ್ಕಪ್ಪ ನಕ್ಕಿದ್ದರು, ನಗುತ್ತಲೇ ಬೆಸುಗೆಯ ಉಂಗುರವನ್ನು ಬೆರಳಿಂದ ಸವರಿ ನೋಡಿದ್ದರು.

ಅವತ್ತು, ಪೈಪಿನೊಳಗಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಎಡತುದಿಯಲ್ಲಿ ಮಲಗಿತ್ತು. ಹಿಂದಿನ ದಿನ ಅಳತೆಗೆ ಅಡ್ಡ ಬರುತ್ತದೆಂದು ಹೊಸ ಪೈಪಿನ ಗೇಜನ್ನು ಆಫ್ ಮಾಡಿದ್ದು ನಾನೇ, ಆರಿದ ಗೇಜಿನ ಮುಳ್ಳು ಸೊನ್ನೆಗೇ ಬೀಳುತ್ತದೆ, ಮರೆತೆ, ಸೊನ್ನೆ ನೋಡಿ ಹಿಗ್ಗಿದೆ, ಆಹಾ ಎಂಥ ವ್ಯಾಕ್ಯೂಮ್, ಒಳಗೆ ಗಾಳಿಯೇ ಇಲ್ಲ ಎಂದುಕೊಂಡು ಲೇಪದ ಡಬ್ಬಿಗೆ ಹೋಗುವ ವಾಲ್ವು ತೆರೆದೆ, ಪೈಪಿನೊಳಗೆ ಇನ್ನೂ ನೀರಾವಿ ಇತ್ತು, ನಾಲ್ಕೇ ನಿಮಿಷ, ಎಲೆಕ್ಟ್ರಾನು ಬರುವುದು ನಿಂತಿತು, ಹಸಿರು ಬಿಳಿಚಿಕೊಂಡಿತು, ಡೈರೆಕ್ಟರು ಓಡಿಬಂದರು, ಏನಾಯ್ತಮ್ಮ, ವೆಲ್ಡಿಂಗ್ ಸೋರಿರಬೇಕು ಸಾರ್ — ಯಾರ ವೆಲ್ಡಿಂಗ್ ಎಂದು ಯೋಚಿಸದೇ ಅಂದೆ, ಇಲ್ಲ, ಯೋಚಿಸಿಯೇ ಅಂದೆ, ಥೂ, ಅನ್ನ ಹಾಕಿದ ಕೈ ಅದು, ಮೂವತ್ತು ವರ್ಷದಲ್ಲಿ ಒಂದು ಬೆಸುಗೆಯೂ ಸೋರದ ಕೈ. ಇವತ್ತು ಸಂಜೆಯೊಳಗೆ ಸೋರಿಕೆ ತೋರಿಸಿ, ಇಲ್ಲಾಂದ್ರೆ ಮೆಷಿನ್ ನಡೆಸಿದವರನ್ನೇ ಕೇಳ್ಬೇಕಾಗುತ್ತೆ, ಬೆಳಗ್ಗೆ ಡೈರೆಕ್ಟರು ಹೇಳಿ ಹೋದರು, ಸಿಕ್ಕರೆ ಚಿಕ್ಕಪ್ಪನಿಗೆ ಕೆಲಸವಿಲ್ಲ, ಸಿಗದಿದ್ದರೆ ನನಗಿಲ್ಲ, ನನ್ನದು ಹೋಗಲಿ, ಹೋಗಲಿ ಎಂದು ಮನಸ್ಸು ಹೇಳುತ್ತದೆ, ನಾಲಿಗೆ ಏಳುವುದಿಲ್ಲ. ಆದರೆ ಅವತ್ತು ಡೈರೆಕ್ಟರು ಬರುವಷ್ಟರಲ್ಲಿ ಗೇಜು ಆನ್ ಆಗಿತ್ತಲ್ಲ, ಆರಿದ್ದನ್ನು ಅವರು ನೋಡಿದ್ದರೆ ಅಲ್ಲೇ ನನ್ನ ಕಥೆ ಮುಗಿಯುತ್ತಿತ್ತು, ಆನ್ ಮಾಡಿದ್ದು ನಾನಲ್ಲ, ಆಗ ಅದರ ಪಕ್ಕ ನಿಂತಿದ್ದವರು ಒಬ್ಬರೇ — ಅಯ್ಯೋ, ಚಿಕ್ಕಪ್ಪ, ಇವರಿಗೆ ಗೊತ್ತು, ಅವತ್ತಿನಿಂದಲೂ ಗೊತ್ತು, ಗೊತ್ತಿದ್ದೂ ಬೆಳಗ್ಗೆಯಿಂದ ಇಲ್ಲದ ತೂತು ಹುಡುಕುತ್ತಾ ನನಗೆ ಹೊತ್ತು ಕೊಡುತ್ತಿದ್ದಾರೆ, ಹೇಳುತ್ತಾಳೆ ಪುಟ್ಟಿ, ಇನ್ನೇನು ಹೇಳುತ್ತಾಳೆ ಎಂದು ಕಾಯುತ್ತಿದ್ದಾರೆ.

ಬಾಗಿಲು, ಡೈರೆಕ್ಟರ ಬೂಟಿನ ಸದ್ದು, ಏನ್ರೀ ಸಿಕ್ತಾ, ಸುಯ್ ನಿಂತಿತು, ಪೆಟ್ಟಿಗೆ ಕೂಗಿಲ್ಲ, ಕೂಗಿಲ್ಲ, ಚಿಕ್ಕಪ್ಪ ಒಂದು ಸಲ ನನ್ನ ಮುಖ ನೋಡಿದರು, ಒಂದೇ ಸಲ, ಈಗ ಹೇಳು, ಅಷ್ಟರಲ್ಲಿ ಚಿಕ್ಕಪ್ಪನೇ ಅಂದರು, ಸಿಕ್ತು ಸಾರ್, ನಂದೇ ತಪ್ಪು, ವಯಸ್ಸಾಯ್ತು ನೋಡಿ, ಕೈ ನಡುಗಿರ್ಬೇಕು, ಎಲ್ಲಿ ತೋರಿಸಿ, ಇಲ್ಲೇ ಸಾರ್ — ಬೆರಳು ಬೆಸುಗೆಯ ಮೇಲೆ, ಕೂದಲೆಳೆಯಷ್ಟೂ ಬಿರುಕಿಲ್ಲದ ಆ ಹೊಳೆಯುವ ಉಂಗುರದ ಮೇಲೆ, ಬಾಯಿ ತೆರೆ, ತೆರೆಯುತ್ತಿಲ್ಲ, ಬೆರಳು ನಡುಗುತ್ತಿಲ್ಲ, ಸ್ವಲ್ಪವೂ ನಡುಗುತ್ತಿಲ್ಲ, ಕರಿಹಿಡಿದ ಉಗುರಿನ ಆ ಬೆರಳು —