ಉಳಿದರ್ಧ ಹೋಳು

ಸರ್ರನೆ ಬಂತು ಸಿಪ್ಪೆ, ಚಾಕುವಿನ ತುದಿಯಲ್ಲಿ ಒಂದು ಸಲ ಎಬ್ಬಿಸಿ ಎಳೆದರೆ ಸಾಕು, ಹಳೇ ಬಟ್ಟೆ ಹರಿದ ಹಾಗೆ ಬುಡದವರೆಗೂ — ಜಿಕಾಮ ಗೆಡ್ಡೆಯನ್ನು ಹೆರೆಯಬಾರದು, ಎಳೆಯಬೇಕು, ಅತ್ತೆ ಹೇಳಿಕೊಟ್ಟಿದ್ದು — ಹೊರಗೆ ಮಣ್ಣಿನ ಬಣ್ಣ, ಒಳಗೆ ನೀರು ಒಸರುವ ಬಿಳುಪು, ಮೂಲಂಗಿಯ ಘಾಟಿಲ್ಲ, ಸೇಬಿನ ಹುಳಿಯಿಲ್ಲ, ಬರೀ ತಣ್ಣನೆಯ ಸಿಹಿ, ಹಸಿಯಾಗಿಯೇ ಕರಕರ ತಿನ್ನಬೇಕು, ಆದರೆ ಹಾಗೆ ತಿನ್ನುವ ಅತ್ತೆ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ, ಇವಳು ಹೆಚ್ಚುತ್ತಿರುವುದು ತನ್ನ ಬುತ್ತಿಗೆ, ಇಸ್ತ್ರಿ ಅಂಗಡಿಯ ಕಾವಿನಲ್ಲಿ ಮಧ್ಯಾಹ್ನ ಬೇರೇನೂ ಗಂಟಲಿಗಿಳಿಯುವುದಿಲ್ಲ, ಮೆಲ್ಲಗೆ ಹೆಚ್ಚು, ಸದ್ದು ಕೇಳಿದರೆ ಅವರಿಗೆ ಸಂಕಟ — ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದಾಗಿನಿಂದ ಗಂಜಿ, ಗಂಜಿ, ಮತ್ತೂ ಗಂಜಿ, ಮೊದಲ ವಾರ ಮೆತ್ತಗಿರೋದು ಕೊಡಿ ಅಂದಿದ್ದರು ಹಲ್ಲಿನ ಡಾಕ್ಟರು, ಆ ವಾರ ಮುಗಿದು ಯಾವ ಕಾಲವಾಯಿತೋ, ಇವಳ ಭಯ ಮುಗಿಯಲಿಲ್ಲ, ಎಲ್ಲಿ ಒಸಡು ಗಾಯವಾಗುತ್ತೋ, ಎಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೋ, ಬಾಳೆಹಣ್ಣನ್ನೂ ಕಿವುಚಿ ಕೊಟ್ಟಳು, ಅತ್ತೆ ಮೊದಮೊದಲು ಮುಖ ಸಿಂಡರಿಸಿದರು, ಆಮೇಲೆ ಅರ್ಧ ಬಟ್ಟಲು ಬಿಟ್ಟರು, ಈಗ ಬಟ್ಟಲನ್ನೇ ಸರಿಸುತ್ತಾರೆ, ಬೇಡ ಕಣೇ, ಹಸಿವಿಲ್ಲ — ಹಲ್ಲು ಅಡುಗೆಕಟ್ಟೆಯ ಮೇಲಿನ ಲೋಟದ ನೀರಿನಲ್ಲಿ, ಅತ್ತೆ ಹಾಸಿಗೆಯಲ್ಲಿ. ಸಂಜೆ ನರ್ಸಮ್ಮ ಬರುತ್ತಾಳೆ, ನಿನ್ನೆಯೇ ಹೇಳಿಹೋಗಿದ್ದಾಳೆ, ಇವತ್ತೂ ಏನೂ ತಿಂದಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತೆ ನೋಡಿ, ಆ ಮೂಗಿಗೆ, ಅಷ್ಟು ಕೋಪ ಹೊತ್ತ ಆ ಮೂಗಿಗೆ ನಳಿಗೆ, ಇವಳಿಗೆ ಕಣ್ಣು ಮಂಜಾಗಿ ಚಾಕು ನಿಂತಿತು.

ಮದುವೆಯಾಗಿ ಬಂದ ಹೊಸತು, ಅಡುಗೆಮನೆಯ ಬಾಗಿಲಲ್ಲಿ ಕೈ ಹೊಸೆಯುತ್ತ ನಿಂತಿದ್ದಾಳೆ, ಹಿತ್ತಲಿನಿಂದ ಗೆಡ್ಡೆ ಕಿತ್ತುಕೊಂಡು ಬಂದ ಅತ್ತೆ ಸಿಪ್ಪೆ ಎಳೆದು, ಹೋಳು ಮಾಡಿ, ಕಟಕ್ಕೆಂದು ಅರ್ಧ ಕಚ್ಚಿ, ಉಳಿದರ್ಧವನ್ನು ಇವಳ ಮುಂದೆ ಹಿಡಿಯುತ್ತಾರೆ — ತಗೋ, ನಾನು ಸಾಯಲಿಲ್ಲ ಅಂದ್ಮೇಲೆ ನೀನೂ ಸಾಯಲ್ಲ, ಈ ಗಿಡದ ಎಲೆ, ಬೀಜ ಎಲ್ಲ ವಿಷ, ಗೆಡ್ಡೆ ಒಂದೇ ಸಿಹಿ, ನನ್ನ ಥರಾನೇ, ನನ್ನ ಬಾಯಿ ಕೇಳಿ ಓಡಿಹೋಗಬೇಡ — ಬಿಳಿ ಹೋಳಿನ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಹಲ್ಲಿನ ಗುರುತು, ಆವತ್ತಿನಿಂದ ಅದೇ ರೂಢಿಯಾಯಿತು, ಅತ್ತೆ ಸೊಸೆ ಜಗಳವಾಡಿದ ದಿನ ಕ್ಷಮೆಗಿಮೆ ಯಾರೂ ಕೇಳುತ್ತಿರಲಿಲ್ಲ, ಕಚ್ಚಿದ ಅರ್ಧ ಹೋಳು ತಟ್ಟೆಯಲ್ಲಿ ಕಾದಿರುತ್ತಿತ್ತು, ತಿಂದರೆ ರಾಜಿ, ಇವಳು ತಿನ್ನದೆ ಬಿಟ್ಟ ದಿನವೇ ಇಲ್ಲ, ಎಂಥಾ ಹೆಂಗಸಪ್ಪಾ, ಬೈದಷ್ಟೂ ಹತ್ತಿರ ಎಳೆದುಕೊಳ್ಳುವವರು.

ಬಾಗಿಲು ಬಡಿದ ಸದ್ದು, ಎದುರುಮನೆಯಾಕೆ, ಇಸ್ತ್ರಿ ಬಟ್ಟೆಯ ಗಂಟು, ಈ ಅಂಗಿಯ ಕಾಲರ್ ಹುಷಾರಮ್ಮಾ, ಆಯ್ತು ಅಕ್ಕಾ, ಗಂಟನ್ನು ಕುರ್ಚಿಯ ಮೇಲಿಟ್ಟು ಒಳಗೆ ಬಂದರೆ ತಟ್ಟೆಯಂಚಿನಲ್ಲಿ ಅರ್ಧ ಹೋಳು, ಕಚ್ಚಿದ್ದು — ರೀ, ಬುತ್ತಿಗಿಟ್ಟಿದ್ದಕ್ಕೂ ಬಾಯಿ ಹಾಕ್ತೀರಲ್ಲ — ಬಚ್ಚಲಿನಿಂದ ಗಂಡ ತಲೆ ಹೊರಹಾಕುತ್ತಾನೆ, ನಾನಾ? ಬಾಯ್ತುಂಬ ನೊರೆ ಇದೆ ಕಣೇ — ಹೌದು, ಅವನದಲ್ಲ, ಅವನ ಮುಂದಿನ ಹಲ್ಲಿನ ಸಂದಿಗೆ ಕಚ್ಚಿದ ಕಡೆಯೆಲ್ಲ ನಡುವೆ ಒಂದು ಏಣು ನಿಲ್ಲುತ್ತದೆ, ಇದು ಒಂದೇ ಸಮ, ಒಂದು ಹಲ್ಲೂ ಹೆಚ್ಚುಕಡಿಮೆಯಿಲ್ಲ, ಮನುಷ್ಯರಿಗೆ ಹುಟ್ಟುತ್ತ ಇಷ್ಟು ನೆಟ್ಟಗೆ ಹಲ್ಲು ಬರುವುದಿಲ್ಲ, ಕಟ್ಟಿಸಿದರೆ ಮಾತ್ರ — ಲೋಟ, ಲೋಟದಲ್ಲಿ ಬರೀ ನೀರು, ಇನ್ನೂ ಅಲುಗುತ್ತಿದೆ, ಒಳಕೋಣೆಯಿಂದ ಕರಕರ, ನಿಂತು, ಮತ್ತೆ ಕರಕರ, ಆಮೇಲೆ ಆ ಬಾಯಿ, ಉಪ್ಪು ತಗೊಂಡು ಬಾರೇ, ಗಂಜಿ ಇದ್ರೆ ನೀನೇ ಕುಡಿ — ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತಾರೆ, ಇಲ್ಲಿ ಎರಡೂ ಇದ್ದವು, ನಡುವೆ ಗಂಜಿ ಹಿಡಿದು ಅಡ್ಡ ನಿಂತವಳು ತಾನೇ, ಮಹರಾಯ್ತಿ, ಹಸಿವಿಲ್ಲ ಅಂದದ್ದಲ್ಲ ಅವರು, ಕಚ್ಚೋಕೆ ಏನಾದರೂ ಕೊಡು ಅಂದದ್ದು, ಉಪ್ಪಿನ ಡಬ್ಬಿ ಎಲ್ಲಿ, ಉಪ್ಪು ಒಯ್ಯಬೇಕು, ನರ್ಸಮ್ಮನಿಗೆ ಹೇಳಬೇಕು, ಅಂಗಡಿಗೆ ಹೊತ್ತಾಯಿತು, ಕೈ ಮಾತ್ರ ಮೊದಲು ತಟ್ಟೆಯ ಕಡೆಗೆ ಚಾಚುತ್ತದೆ, ತಟ್ಟೆಯಂಚಿನಲ್ಲಿ ಆ ಹೋಳು, ಬಿಳಿ, ಒದ್ದೆ, ಅಂಚಿನಲ್ಲಿ ಅರ್ಧಚಂದ್ರ, ಇವಳ ಪಾಲಿನ ಅರ್ಧ.