ಹ್ಯೂಬರ್ಟ್‌ನ ಬಲಗಾಲು

“ಯಣ್ಣಾ, ‘ಮುಟ್ಟಿಲ್ಲ’ ಅನ್ರಿ. ಒಂದ ಮಾತು. ಖಲಾಸ್.”

ಪ್ರಸಾದ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ. ಮಂಜಿನಲ್ಲಿ ಅವನ ಮುಖ ಕಾಣಲಿಲ್ಲ, ಬಿಸಿಯುಸಿರು ಮಾತ್ರ ತಾಗಿತು. ನಾನಿನ್ನೂ ಒದ್ದೆ ಮರಳಿನಲ್ಲಿ ಎಡಗಾಲು ಚಾಚಿಕೊಂಡು ಕೂತಿದ್ದೆ.

ಕೊಲ್ಲಿ ದೇಶದ ಈ ಮುಸಫ್ಫಾದಲ್ಲಿ ಜನವರಿ ಮಂಜೆಂದರೆ ಹಾಗೆಯೇ. ಬೆಳಗ್ಗೆ ಫೈನಲ್ ಶುರುವಾದಾಗ ವರ್ಕ್‌ಶಾಪಿನ ಕ್ರೇನು ಕಾಣುತ್ತಿತ್ತು. ಆಡುತ್ತಾ ಆಡುತ್ತಾ ಕ್ರೇನು ಹೋಯಿತು, ಕಾಂಪೌಂಡು ಹೋಯಿತು, ಕೊನೆಗೆ ಎದುರು ತಂಡವೇ ಹೋಯಿತು. ಎರಡೂ ಕಡೆ ಇಪ್ಪತ್ತೇಳು ಪಾಯಿಂಟು, ಉಳಿದದ್ದು ಒಂದೇ ರೈಡು. “ನಿಲ್ಲಿಸುವಾ?” ಎಂದು ರೆಫರಿ ಅಬ್ದುಲ್ ವಹಾಬ್ ಸಾಹೇಬರು ಕೇಳಿದರು. ಯಾರು ಒಪ್ಪುತ್ತಾರೆ!

ಬಿಳುಪಿನೊಳಗಿಂದ “ಕಬಡ್ಡಿ ಕಬಡ್ಡಿ ಕಬಡ್ಡಿ” ಎಂಬ ದನಿಯೊಂದೇ ನಡೆದು ಬಂತು. ಹ್ಯೂಬರ್ಟ್‌ನ ದನಿ. ಅಲ್ ಬರ್ಷಾ ತಂಡದ ರೈಡರ್, ಮಂಗಳೂರಿನವನು, ಏಸಿ ಆಫೀಸಿನ ಕೆಲಸ. ಹನ್ನೊಂದು ವರ್ಷದಿಂದ ಆ ದನಿ ಕೇಳುತ್ತಿದ್ದೇನೆ. ಎಡಕ್ಕೆ ತಿರುಗುವ ಮೊದಲು ‘ಡ್ಡಿ’ಯನ್ನು ಒಂದು ಎಳೆ ಉದ್ದ ಮಾಡುತ್ತಾನೆ, ಅದು ಅವನಿಗೇ ಗೊತ್ತಿಲ್ಲ. ಊರಿಂದ ಹೆಂಡತಿ ಶಾಂತವ್ವ ಫೋನು ಮಾಡಿದರೆ, ಸಿಟ್ಟಾಗಿದ್ದಾಳೋ ಇಲ್ಲವೋ ಎಂದು ತಿಳಿಯಲು ನನಗೆ ಐದು ನಿಮಿಷ ಬೇಕು. ಹ್ಯೂಬರ್ಟ್‌ನ ದನಿಗೆ ಅರೆಕ್ಷಣ ಸಾಕು.

ಹ್ಯೂಬರ್ಟ್ ‘ಡ್ಡಿ’ಯನ್ನು ಎಳೆದ. ನಾನು ನೆಲಕ್ಕೆ ಬಿದ್ದು ಅವನ ಬಲಗಾಲಿನ ಹರಡು ಹಿಡಿದೆ. ಪ್ರಸಾದ ಸೊಂಟಕ್ಕೆ ಬಿದ್ದ, ಮಿಕ್ಕವರು ನಮ್ಮ ಮೇಲೆ ಬಿದ್ದರು. ಇಬ್ಬನಿಗೆ ಅರ್ಧ ಕರಗಿದ್ದ ಸುಣ್ಣದ ನಡುಗೆರೆ ನಮ್ಮ ಹೊರಳಾಟಕ್ಕೆ ಪೂರ್ತಿ ಅಳಿಸಿಹೋಯಿತು. ಸೀಟಿ ಊದಿ ಸಾಹೇಬರು ಬಗ್ಗಿ ನೋಡಿದರೆ ಗೆರೆಯೇ ಇಲ್ಲ! ಅವನ ಉಸಿರು ಕಡಿದಿರಲಿಲ್ಲ, ಅದನ್ನು ಎಲ್ಲರೂ ಕೇಳಿದ್ದರು. ಕೈ ಗೆರೆಗೆ ತಾಗಿತ್ತೇ? ಅದನ್ನು ಯಾರೂ ಕಂಡಿರಲಿಲ್ಲ. ತಾಗಿದ್ದರೆ ಕಪ್ ಅವರದು, ಇಲ್ಲದಿದ್ದರೆ ನಮ್ಮದು.

ಟೂರ್ನಮೆಂಟಿನ ಮೊದಲ ವರ್ಷ ಇಂಥದೇ ಜಗಳಕ್ಕೆ ಒಬ್ಬನ ಹಲ್ಲು ಹೋಗಿತ್ತು. ಅಂದಿನಿಂದ ನಮ್ಮಲ್ಲೊಂದು ಕಟ್ಟಳೆ. ರೆಫರಿಗೆ ಕಾಣದ್ದನ್ನು ಅಂಕಣದಲ್ಲಿರುವ ಹಿರಿಯ ಆಟಗಾರ ಹೇಳಬೇಕು, ಅವನು ಯಾವ ತಂಡದವನಾದರೂ ಸರಿ. ಆಮೇಲೆ ಯಾರೂ ತಕರಾರು ಎತ್ತುವಂತಿಲ್ಲ. ಕಟ್ಟಳೆ ಮಾಡುವಾಗ ಹಿರಿಯ ಬೇರೆ ಯಾರೋ ಆಗಿದ್ದರು. ಈಗ ನಲವತ್ತಾರರ ನಾನು.

“ಅಡಿವೆಪ್ಪ ಭಾಯ್, ನೀವೇ ಹೇಳಿ,” ಎಂದರು ಸಾಹೇಬರು.

ಏಳು ಫೈನಲ್ ಆಡಿ ಏಳೂ ಸೋತವನು ನಾನು. ಮುಂದಿನ ತಿಂಗಳು ವೀಸಾ ಮುಗಿಯುತ್ತದೆ, ಎಂಟನೆಯದೇ ಕೊನೆಯದು. ಆ ಕಪ್ಪನ್ನು ನಾನು ಹಿಡಿದದ್ದು ಒಂದೇ ಸಲ, ಅದೂ ಹ್ಯೂಬರ್ಟ್ ಶೂ ಲೇಸು ಕಟ್ಟಿಕೊಳ್ಳುವಾಗ. “ಒಂಚೂರು ಹಿಡ್ಕೊಳ್ಳಿ ಮಾರಾಯ್ರೆ,” ಎಂದು ಕೊಟ್ಟಿದ್ದ. ನಮ್ಮ ಹುಡುಗರೋ, ದಿನವಿಡೀ ವೆಲ್ಡಿಂಗ್ ಮಾಡಿ ಸಂಜೆ ಮರಳಿನಲ್ಲಿ ಬಿದ್ದೆದ್ದವರು. ನೋಯುವ ನನ್ನ ಈ ಎಡಮಂಡಿಗೆ ಚಳಿಗಾಲವೆಲ್ಲ ಎಣ್ಣೆ ತಿಕ್ಕಿದವನು ಪ್ರಸಾದ.

ಮಂಜಿನೊಳಗೆ ಕೂತಲ್ಲೇ, ಮನಸ್ಸಿನಲ್ಲಿ, ಒಂದು ಗಳಿಗೆ ನಾನು ಗೆದ್ದೇಬಿಟ್ಟೆ. ಯಾರೋ ನನ್ನನ್ನು ಹೆಗಲಿಗೇರಿಸಿದರು. ಲೇಬರ್ ಕ್ಯಾಂಪಿನ ರೂಮಿನಲ್ಲಿ ಕಪ್ಪಿಗೆ ಚಹಾ ಸುರಿದು ಹನ್ನೆರಡು ಮಂದಿ ಸರದಿಯಲ್ಲಿ ಕುಡಿದೆವು. ಶಾಂತವ್ವ ವಿಡಿಯೋದಲ್ಲಿ, “ಇಷ್ಟ ಸಣ್ಣದನ?” ಎಂದಳು. ಚಹಾದ ಬಿಸಿ ನಾಲಿಗೆಗೆ ತಾಗಿದಂತೆಯೇ ಇತ್ತು.

ಆದರೆ ಅಂಗೈಯಲ್ಲಿ ಇನ್ನೂ ಆ ಕಾಲಿತ್ತು. ಎಳೆಯಿತು, ಎಳೆಯಿತು, ಆಮೇಲೆ ಸಡಿಲವಾಯಿತು. ಸೋತು ಬಿಟ್ಟ ಕಾಲು ಸಡಿಲವಾಗುವಾಗ ನಡುಗುತ್ತದೆ. ಗೆರೆ ಸೇರಿದವನ ಕಾಲು, ಮನೆಗೆ ಬಂದವರು ಚಾಪೆಯ ಮೇಲೆ ಚಾಚುವ ಹಾಗೆ, ಸುಮ್ಮನೆ ಮಲಗುತ್ತದೆ. ಹ್ಯೂಬರ್ಟ್‌ನದು ಮಲಗಿತ್ತು.

“ಮುಟ್ಯಾನ್ರೀ,” ಎಂದೆ.

“ಎಂಥಾ ಮನಶ್ಯಾನೋ ನೀ!” ಎಂದ ಪ್ರಸಾದ. ಅವನ ಹೆಜ್ಜೆಯ ಸದ್ದು ಮಂಜಿನೊಳಗೆ ದೂರವಾಯಿತು. ಆ ಕಡೆ ಕೂಗು, ಶಿಳ್ಳೆ.

ಹ್ಯೂಬರ್ಟ್ ಬಂದು ಪಕ್ಕದಲ್ಲಿ ಕುಕ್ಕರಿಸಿದ. “ಅಡಿವೆಪ್ಪಣ್ಣ, ನಂಗೇ ಗ್ಯಾರಂಟಿ ಇಲ್ಲ ಮಾರಾಯ್ರೆ. ಕೈಗೆಲ್ಲ ಇಬ್ಬನಿಗೆ ಚಂಡಿಯಾದ ಮರಳು. ನಿಮಗೆ ಹೇಗೆ ಗೊತ್ತಾಯ್ತು?”

“ನಿನ್ನ ಕಾಲ ಹೇಳ್ತು.”

“ಎಂತ ಹೇಳಿತು?”

“‘ಬಿಡೋ ಮುದುಕಾ, ಮನಿ ಮುಟ್ಟೇನಿ’ ಅಂತು.”

ಅವನು ನಕ್ಕ. ನಗು ನಿಂತ ಮೇಲೆ ಮೆಲ್ಲಗೆ ಕೇಳಿದ: “ಬರುವ ವರ್ಷ ಈ ಕಾಲು ಹಿಡಿಯುವುದು ಯಾರು?”

“ಪ್ರಸಾದ ಹಿಡೀತಾನ. ಅಂವಾ ನನಗಿಂತ ಕೆಟ್ಟಾಂವ, ಬಿಡಾಂಗಿಲ್ಲ.”

ಕ್ಯಾಂಪಿನ ಬಸ್ಸು ಹಾರ್ನ್ ಹೊಡೆಯಿತು. ಒಳಗೆ ಎಲ್ಲರೂ ಕೂತಿದ್ದರು. ಪ್ರಸಾದ ಕಿಟಕಿಗೆ ಮುಖ ಮಾಡಿದ್ದ. ದಿನವೂ ನಾನು ಕೂರುವ ಪಕ್ಕದ ಸೀಟಿನಲ್ಲಿ ಅವನ ಚೀಲವಿತ್ತು. ನಾನು ಕಂಬಿ ಹಿಡಿದು ನಿಂತೆ. ಬಸ್ಸು ರೌಂಡ್‌ಅಬೌಟ್ ಸುತ್ತುವಾಗ ನನ್ನ ಮಂಡಿ ಜಗ್ಗಿತು. ಪ್ರಸಾದ ಕಿಟಕಿಯಿಂದ ಮುಖ ತಿರುಗಿಸದೆಯೇ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡ.